ಎರಡು ಮನೆ, ಒಂದು ಮಗು, ಒಂದೇ ಬೀಗ: ಬೇರೆಯಾದ ಅಪ್ಪ-ಅಮ್ಮನಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಎಷ್ಟು ಉಪಯೋಗ?

ಹೀಗೊಂದು ಸಂಸಾರ ಅಂದುಕೊಳ್ಳಿ. ಅಮ್ಮ ತುಮಕೂರಿನ ಎಸ್.ಎಸ್. ಪುರಂನಲ್ಲಿ, ಅಪ್ಪ ಪಾವಗಡದಲ್ಲಿ. ವಿಚ್ಛೇದನ ಆಗಿ ಎರಡು ವರ್ಷ. ಒಂಬತ್ತು ವರ್ಷದ ಮಗಳು ಶಾಲೆ ನಡೆಯುವಷ್ಟು ದಿನ ಅಮ್ಮನ ಹತ್ತಿರ, ತಿಂಗಳಿಗೆ ಎರಡು ಶನಿವಾರ-ಭಾನುವಾರ ಮತ್ತು ರಜೆಯಲ್ಲಿ ಅರ್ಧ ಅಪ್ಪನ ಹತ್ತಿರ. ಫೀಸು ಯಾರು ಕಟ್ಟಬೇಕು, ಬಸ್ ಸ್ಟ್ಯಾಂಡಿಗೆ ಯಾರು ಬರಬೇಕು, ಯಾವ ಹಬ್ಬ ಯಾರ ಮನೆಯಲ್ಲಿ, ಎಲ್ಲವೂ ಕೋರ್ಟಿನ ಕಾಗದದಲ್ಲಿದೆ. ಮಗು ಏನು ನೋಡಬಹುದು ಅನ್ನುವುದೊಂದು ಇಲ್ಲ. ಅಮ್ಮನ ಮನೆಯಲ್ಲಿ ರಾತ್ರಿ ಎಂಟೂವರೆಗೆ ಸ್ಕ್ರೀನ್ ಬಂದ್. ಅಪ್ಪನ ಮನೆಯಲ್ಲಿ ತಾತ ತೆಲುಗು ಫೈಟ್ ಸಿನಿಮಾ ಹಾಕಿಕೊಂಡು ಕೂತರೆ ಮೊಮ್ಮಗಳೂ ಪಕ್ಕದಲ್ಲಿ. ಭಾನುವಾರ ಸಂಜೆ ವಾಪಸ್ ಬಂದ ಮಗು "ಅಲ್ಲಿ ನೋಡಬಹುದು, ಇಲ್ಲಿ ಯಾಕಿಲ್ಲ?" ಅಂದರೆ ಮುಗಿಯಿತು, ಫೋನಿನಲ್ಲಿ ಜಗಳ ಶುರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ.

ಇಂಥ ಹೊತ್ತಿನಲ್ಲಿ ವಕೀಲರೋ, ಟ್ಯೂಷನ್ ಮೇಷ್ಟ್ರೋ, ಮೊಬೈಲ್ ಅಂಗಡಿಯವರೋ ಒಬ್ಬರಲ್ಲ ಒಬ್ಬರು "ಫ್ಯಾಮಿಲಿ ಲಿಂಕ್ ಹಾಕ್ಕೊಂಡ್‌ಬಿಡಿ, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಅದು ಗೂಗಲ್‌ನ ಪುಕ್ಕಟೆ ಆ್ಯಪ್, 2017ರಲ್ಲಿ ಬಂದದ್ದು. ಮಗುವಿನ ಆಂಡ್ರಾಯ್ಡ್ ಫೋನನ್ನು ಅಪ್ಪ-ಅಮ್ಮ ತಮ್ಮ ಫೋನಿನಿಂದಲೇ ಹಿಡಿತದಲ್ಲಿ ಇಟ್ಟುಕೊಳ್ಳಬಹುದು: ದಿನಕ್ಕೆ ಎಷ್ಟು ಗಂಟೆ, ಎಷ್ಟು ಹೊತ್ತಿಗೆ ಲಾಕ್, ಯಾವ ಆ್ಯಪ್ ಬೇಡ, ಪ್ಲೇ ಸ್ಟೋರಿನಿಂದ ಏನು ಇಳಿಸಿಕೊಳ್ಳಬಹುದು, ಕ್ರೋಮ್‌ನಲ್ಲಿ ಯಾವ ಸೈಟು, ಯೂಟ್ಯೂಬ್‌ನಲ್ಲಿ ಯಾವ ಮಟ್ಟ. ಅಪ್ಪ-ಅಮ್ಮ ಒಂದೇ ಸೂರಿನಡಿ ಇರುವ ಮನೆಗೆ ಇದಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಎರಡು ಮನೆಗೆ ಎರಡೂವರೆ. ಕಳೆದುಹೋದ ಆ ಒಂದೂವರೆ ಅಂಕದ ಲೆಕ್ಕ ಇಲ್ಲಿದೆ.

ಯಜಮಾನ ಯಾರು?

ಫ್ಯಾಮಿಲಿ ಲಿಂಕ್ ನಿಂತಿರುವುದು "ಫ್ಯಾಮಿಲಿ ಗ್ರೂಪ್" ಅನ್ನುವ ಪಾಯದ ಮೇಲೆ. ಗ್ರೂಪಿನಲ್ಲಿ ಹೆಚ್ಚೆಂದರೆ 6 ಜನ. ಅದನ್ನು ತೆರೆದವರು ಫ್ಯಾಮಿಲಿ ಮ್ಯಾನೇಜರ್. ಮಗುವಿನ ಅಕೌಂಟ್ ತೆರೆಯಲು ಒಬ್ಬ ಪೋಷಕರ ಒಪ್ಪಿಗೆ ಸಾಕು, ಇನ್ನೊಬ್ಬರನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಮೊದಲು ಅಕೌಂಟ್ ತೆರೆದವರೇ ಯಜಮಾನರು. ಎರಡನೆಯವರು ಒಳಗೆ ಬರಬೇಕಾದರೆ ಮ್ಯಾನೇಜರ್ ಅವರನ್ನು ಗ್ರೂಪಿಗೆ ಕರೆಯಬೇಕು, ಆಮೇಲೆ ಪೋಷಕರ ಅಧಿಕಾರದ ಪುಟಕ್ಕೆ ಹೋಗಿ ಅವರ ಹೆಸರಿನ ಮುಂದೆ ಟಿಕ್ ಹಾಕಬೇಕು. ಈ ಎರಡನೇ ಹೆಜ್ಜೆ ಮರೆಯುವವರೇ ಜಾಸ್ತಿ. ಗ್ರೂಪಿಗೆ ಸೇರಿಸಿದ ಮಾತ್ರಕ್ಕೆ ಪೋಷಕರಾಗುವುದಿಲ್ಲ, ಬರೀ ಸದಸ್ಯರಾಗುತ್ತಾರೆ. ಅವರಿಗೆ ಮಗುವಿನ ಸೆಟ್ಟಿಂಗ್ ತೆರೆಯುವುದೇ ಇಲ್ಲ. "ಅವಳು ನನಗೆ ಅಧಿಕಾರ ಕೊಟ್ಟಿಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಈ ಒಂದು ಟಿಕ್ಕಿನದು.

ಅಧಿಕಾರ ಸಿಕ್ಕ ಮೇಲೆ ಮಗುವಿನ ಸೆಟ್ಟಿಂಗ್‌ಗಳ ಮಟ್ಟಿಗೆ ಇಬ್ಬರೂ ಸಮ. ಆದರೆ ಮ್ಯಾನೇಜರ್ ಎರಡನೆಯವರನ್ನು ಯಾವಾಗ ಬೇಕಾದರೂ ಗ್ರೂಪಿನಿಂದ ತೆಗೆಯಬಹುದು, ಎರಡನೆಯವರು ಮ್ಯಾನೇಜರನ್ನು ತೆಗೆಯಲಾಗದು. ಆ್ಯಪಿಗೆ ಕಸ್ಟಡಿ ಆರ್ಡರ್ ಗೊತ್ತಿಲ್ಲ. ಮಗು ಕಾನೂನಿನ ಪ್ರಕಾರ ಯಾರ ವಶದಲ್ಲಿದ್ದರೂ ಮ್ಯಾನೇಜರ್ ಕುರ್ಚಿ ಮೊದಲು ಬಂದವರದೇ.

ಇನ್ನೊಂದು ಗಂಟು: ಒಂದು ಗೂಗಲ್ ಅಕೌಂಟ್ ಒಂದು ಹೊತ್ತಿಗೆ ಒಂದೇ ಫ್ಯಾಮಿಲಿ ಗ್ರೂಪಿನಲ್ಲಿ ಇರಬಹುದು, ಮತ್ತು 12 ತಿಂಗಳಲ್ಲಿ ಒಂದು ಸಲ ಮಾತ್ರ ಗ್ರೂಪ್ ಬದಲಾಯಿಸಬಹುದು. ಅಪ್ಪ ಈಗಾಗಲೇ ತನ್ನ ಅಣ್ಣ-ತಮ್ಮಂದಿರ ಜೊತೆ ಯೂಟ್ಯೂಬ್ ಪ್ರೀಮಿಯಂ ಫ್ಯಾಮಿಲಿ ಪ್ಲಾನ್‌ನಲ್ಲಿದ್ದರೆ, ಮಗಳ ಗ್ರೂಪಿಗೆ ಬರಲು ಅದನ್ನು ಬಿಡಬೇಕು. ಕೋಪದಲ್ಲಿ ಮಗಳ ಗ್ರೂಪಿನಿಂದ ಎದ್ದು ಹೋದರೆ, ಇನ್ನೊಂದಕ್ಕೆ ಸೇರಲು ವರ್ಷ ಕಾಯುವ ಪರಿಸ್ಥಿತಿ ಬರಬಹುದು.

ಇದಕ್ಕೆ ಪರಿಹಾರ ಸುಲಭ, ಆದರೆ ಎಲ್ಲಿಯೂ ಬರೆದಿರುವುದಿಲ್ಲ. ಅಪ್ಪ-ಅಮ್ಮ ಇಬ್ಬರೂ ಈ ಕೆಲಸಕ್ಕೆಂದೇ ಹೊಸ ಜಿಮೇಲ್ ತೆರೆಯಬೇಕು. ಆಫೀಸು, ಬ್ಯಾಂಕು, ಫೋಟೋ ಇರುವ ಹಳೇ ಜಿಮೇಲ್ ಇಲ್ಲಿಗೆ ತರಬಾರದು. ಹೊಸ ಅಕೌಂಟನ್ನು ಫೋನಿನಲ್ಲಿ ಎರಡನೆಯದಾಗಿ ಸೇರಿಸಿ, ಫ್ಯಾಮಿಲಿ ಲಿಂಕ್ ಆ್ಯಪ್ ಒಳಗೆ ಆ ಅಕೌಂಟ್ ಆರಿಸಿಕೊಂಡರೆ ಸಾಕು. ಗ್ರೂಪಿನಲ್ಲಿರುವವರಿಗೆ ಒಬ್ಬರ ಹೆಸರು, ಫೋಟೋ, ಇಮೇಲ್ ಇನ್ನೊಬ್ಬರಿಗೆ ಕಾಣುತ್ತದೆ ಅನ್ನುವುದೂ ನೆನಪಿರಲಿ. ಹೊಸ ಸಂಗಾತಿಯ ಜೊತೆಗಿನ ಪ್ರೊಫೈಲ್ ಫೋಟೋ ಅಲ್ಲಿಗೆ ಬೇಕಿಲ್ಲ. ಫ್ಯಾಮಿಲಿ ಪೇಮೆಂಟ್ ಅನ್ನುವ ಆಯ್ಕೆ ಕೇಳಿದಾಗ ಬಿಟ್ಟುಬಿಡಿ. ಅದನ್ನು ಜೋಡಿಸಿದರೆ ದುಡ್ಡು ಹೋಗುವುದು ಮ್ಯಾನೇಜರ್ ಕಾರ್ಡಿನಿಂದ, ಖರೀದಿ ಒಪ್ಪಿದ್ದು ಇನ್ನೊಬ್ಬರಾಗಿರಬಹುದು. ಒಂದು ಗೇಮಿನ ನಾಣ್ಯದ ವಿಷಯಕ್ಕೆ ಮತ್ತೆ ವಕೀಲರ ಮನೆ ಬಾಗಿಲು ತಟ್ಟುವ ಹಾಗಾಗಬಾರದು.

ಕೊನೆಗೆ ತಿರುಗಿಸಿದವರದೇ ಬೀಗ

ಎರಡು ಮನೆಯ ಲೆಕ್ಕದಲ್ಲಿ ಈ ಆ್ಯಪಿನ ದೊಡ್ಡ ಕೊರತೆ ಇದು: ಇಬ್ಬರೂ ಒಪ್ಪಿದರೆ ಮಾತ್ರ ಬದಲಾಗಲಿ ಅನ್ನುವ ವ್ಯವಸ್ಥೆ ಇಲ್ಲ. ಅಮ್ಮ ದಿನಕ್ಕೆ ಒಂದು ಗಂಟೆ ಅಂತ ಇಟ್ಟರೆ ಅಪ್ಪ ಮೂರು ಮಾಡಬಹುದು, ಅಮ್ಮ ಮತ್ತೆ ಒಂದಕ್ಕೆ ಇಳಿಸಬಹುದು. ಕೊನೆಗೆ ಯಾರ ಬೆರಳು ಬಿತ್ತೋ ಅವರ ನಿಯಮ. ಪಾವಗಡದಲ್ಲಿ ಕಾರ್ಟೂನ್ ನೋಡುತ್ತಾ ಕೂತ ಮಗುವಿನ ಫೋನನ್ನು ತುಮಕೂರಿನಿಂದಲೇ ಲಾಕ್ ಮಾಡಬಹುದು. ಮಗುವಿಗೆ ಕಾಣುವುದು ಇಷ್ಟೇ: ಅಪ್ಪ ನೋಡು ಅಂದರು, ಫೋನು ಬೇಡ ಅಂದಿತು.

ಹಾಗಾಗಿ ಸೆಟ್ಟಿಂಗ್‌ಗೆ ಕೈ ಹಾಕುವ ಮೊದಲು ಒಂದು ಮಾತು ಇಬ್ಬರಲ್ಲೂ ಇತ್ಯರ್ಥವಾಗಬೇಕು. ದಿನದ ಮಿತಿ, ಮಲಗುವ ಹೊತ್ತಿನ ಲಾಕ್, ಯೂಟ್ಯೂಬ್ ಮಟ್ಟ, ಈ ಮೂರನ್ನು ಒಬ್ಬರೇ ಮುಟ್ಟುವಂತಿಲ್ಲ. ತಮ್ಮ ಮನೆಯಲ್ಲಿರುವ ದಿನ ಸಡಿಲಿಕೆ ಬೇಕೆನಿಸಿದರೆ "ಬೋನಸ್ ಸಮಯ" ಕೊಡಬೇಕು. ಬೋನಸ್ ಆ ದಿನಕ್ಕೆ ಮಾತ್ರ ಸಿಗುವ ಹೆಚ್ಚುವರಿ ನಿಮಿಷ. ಮಾರನೇ ದಿನ ಹಳೇ ಮಿತಿ ತಾನಾಗಿ ವಾಪಸ್ ಬರುತ್ತದೆ. ಶನಿವಾರ ಅಪ್ಪ ಒಂದು ಗಂಟೆ ಬೋನಸ್ ಕೊಟ್ಟರೆ ಸೋಮವಾರ ಅಮ್ಮ ಏನನ್ನೂ ತಿದ್ದಬೇಕಿಲ್ಲ. ದಿನದ ಮಿತಿಯನ್ನೇ ಬದಲಾಯಿಸಿದರೆ, ವಾಪಸ್ ಇಳಿಸುವುದನ್ನು ಮರೆತದ್ದಕ್ಕೇ ಅರ್ಧ ಜಗಳ.

ಮಿತಿ ಪ್ರತಿ ಸಾಧನಕ್ಕೆ ಬೇರೆ ಬೇರೆ ಅನ್ನುವುದನ್ನೂ ಗಮನಿಸಿ. ಅಮ್ಮನ ಮನೆಯಲ್ಲಿ ಒಂದು ಫೋನು, ಅಪ್ಪನ ಮನೆಯಲ್ಲಿ ಒಂದು ಟ್ಯಾಬು ಇದ್ದರೆ, ಅದಕ್ಕೊಂದು ಗಂಟೆ, ಇದಕ್ಕೊಂದು ಗಂಟೆ. ಎರಡನ್ನೂ ಬ್ಯಾಗಿನಲ್ಲಿ ಹೊತ್ತು ತಿರುಗುವ ಮಗುವಿಗೆ ಎರಡು ಗಂಟೆ. ಟ್ಯಾಬು ಪಾವಗಡದಲ್ಲೇ ಉಳಿದರೆ ಇದೇ ಕೊರತೆ ಅನುಕೂಲವಾಗುತ್ತದೆ: ಸಾಧನ ಮನೆಗೆ ಸೇರಿದ್ದು, ಮಿತಿಯೂ ಆ ಮನೆಯದು.

ಮಾತೇ ನಿಂತುಹೋದ ಅಪ್ಪ-ಅಮ್ಮನಿಗೆ ಒಂದೇ ಅಕೌಂಟ್ ಹಂಚಿಕೊಳ್ಳಿ ಅನ್ನುವುದು ಬರೀ ಬಾಯಿಮಾತು. ಅಂಥವರಿಗೆ ಎರಡು ಅಕೌಂಟ್ ವಾಸಿ. ಅಮ್ಮನ ಮನೆಯ ಫೋನಿಗೆ ಅಮ್ಮ ತೆರೆದ ಮಗುವಿನ ಅಕೌಂಟ್, ಅಪ್ಪನ ಮನೆಯ ಟ್ಯಾಬಿಗೆ ಅಪ್ಪ ತೆರೆದದ್ದು. ಒಬ್ಬರ ಕೈ ಇನ್ನೊಬ್ಬರ ಮನೆಗೆ ಚಾಚುವುದಿಲ್ಲ. ಶಾಲೆಯ ಕೆಲಸ ಒಂದೇ ಅಕೌಂಟಿನಲ್ಲಿ ಸಿಗುತ್ತದೆ, ಅದೊಂದು ಕಿರಿಕಿರಿ. ಜಗಳಕ್ಕೆ ಹೋಲಿಸಿದರೆ ಸಣ್ಣದು.

ಯೂಟ್ಯೂಬ್ ಒಂದೇ ಅಧ್ಯಾಯ ಆಗುವಷ್ಟಿದೆ

ಮನಸ್ತಾಪದ ಬಹುಪಾಲು ಹುಟ್ಟುವುದು ಯೂಟ್ಯೂಬ್‌ನಿಂದ. ಮಗುವಿನ ಅಕೌಂಟಿಗೆ ಇಲ್ಲಿ ಎರಡು ದಾರಿ. ಒಂದು ಯೂಟ್ಯೂಬ್ ಕಿಡ್ಸ್, ಬೇರೆಯದೇ ಆ್ಯಪ್, ಭಾರತಕ್ಕೆ 2016ರಲ್ಲಿ ಬಂದದ್ದು. ಅದರಲ್ಲಿ 4 ವರ್ಷ ಮತ್ತು ಕೆಳಗಿನವರಿಗೆ, 5ರಿಂದ 8ರವರಿಗೆ, 9ರಿಂದ 12ರವರಿಗೆ ಅಂತ ಮೂರು ಮಟ್ಟ. ನಾಲ್ಕನೆಯದು, ದೊಡ್ಡವರು ಆರಿಸಿದ್ದು ಮಾತ್ರ ಕಾಣುವ ಮಟ್ಟ. ಇನ್ನೊಂದು ದಾರಿ ಮಾಮೂಲಿ ಯೂಟ್ಯೂಬ್‌ನಲ್ಲೇ ಮಗುವಿನ ಅಕೌಂಟಿಗೆ ಬೇಲಿ ಹಾಕುವುದು, 2021ರಲ್ಲಿ ಬಂದದ್ದು. ಅಲ್ಲಿ ಎಕ್ಸ್‌ಪ್ಲೋರ್ ಅಂದರೆ ಸುಮಾರು 9 ದಾಟಿದವರಿಗೆ, ಎಕ್ಸ್‌ಪ್ಲೋರ್ ಮೋರ್ ಅಂದರೆ 13 ದಾಟಿದವರಿಗೆ, ಮೋಸ್ಟ್ ಆಫ್ ಯೂಟ್ಯೂಬ್ ಅಂದರೆ 18ರ ಮಿತಿ ಇರುವುದನ್ನು ಬಿಟ್ಟು ಹೆಚ್ಚುಕಮ್ಮಿ ಎಲ್ಲ.

ಎರಡು ಮನೆಯವರು ಜಗಳ ಆಡದೆ ಒಪ್ಪಬಹುದಾದದ್ದು ಆರಿಸಿದ್ದು ಮಾತ್ರ ಕಾಣುವ ಮಟ್ಟ, ಮಗು 8 ದಾಟುವ ತನಕ. ಹುಡುಕುವ ಸೌಲಭ್ಯವೇ ಇಲ್ಲದ್ದರಿಂದ ಅಡ್ಡದಾರಿ ಕಡಿಮೆ. ಆರಿಸುವಾಗ ಒಂದು ಎಚ್ಚರ. ಒಂದು ಚಾನೆಲ್ ಪೂರ್ತಿ ಒಪ್ಪಿದರೆ ಆ ಚಾನೆಲ್ ನಾಳೆ ಹಾಕುವ ವಿಡಿಯೊ ಕೂಡ ಒಪ್ಪಿದ ಹಾಗೆ. ಇಬ್ಬರಿಗೂ ನಂಬಿಕೆ ಇರುವ ಚಾನೆಲ್ ಇದ್ದರೆ ಚಾನೆಲ್ ಒಪ್ಪಿ, ತಕರಾರು ಇರುವ ಕಡೆ ಒಂದೊಂದೇ ವಿಡಿಯೊ ಆರಿಸಿ.

ಕಿಡ್ಸ್ ಆ್ಯಪಿನ ಬೀಗದ ವಿಷಯ ಇನ್ನೂ ತಮಾಷೆ. ಕೆಳಗಿನ ಮೂಲೆಯಲ್ಲಿರುವ ಬೀಗದ ಚಿತ್ರ ಒತ್ತಿದರೆ ದೊಡ್ಡವರೇ ಒತ್ತಿದ್ದು ಅನ್ನುವುದಕ್ಕೆ ಸಾಕ್ಷಿಯಾಗಿ ಆ್ಯಪ್ ಕೇಳುವುದು ಒಂದು ಗುಣಾಕಾರದ ಲೆಕ್ಕ, 7 × 8 ತರಹದ್ದು. ಮಗ್ಗಿ ಬಾಯಿಪಾಠ ಮಾಡಿಸುವ ನಮ್ಮ ಕಡೆಯ ಮೂರನೇ ಕ್ಲಾಸಿನ ಮಗುವಿಗೆ ಇದು ಬೀಗವೇ ಅಲ್ಲ. ಯಾರ ಅಕೌಂಟಿನಿಂದಲೂ ಲಾಗಿನ್ ಆಗದೆ ಆ್ಯಪ್ ತೆರೆದಿದ್ದರೆ, ಐವತ್ತಾರು ಒತ್ತಿ ಒಳಗೆ ಹೋಗಿ ಮಟ್ಟ ಬದಲಾಯಿಸಿ ಬರುತ್ತದೆ. ಅಪ್ಪ ಬದಲಾಯಿಸಿದ್ದಾರೆ ಅಂತ ಅಮ್ಮ, ಅಮ್ಮ ಬದಲಾಯಿಸಿದ್ದಾಳೆ ಅಂತ ಅಪ್ಪ. ಲೆಕ್ಕದ ಬದಲು 4 ಅಂಕಿಯ ಸ್ವಂತ ಪಾಸ್‌ಕೋಡ್ ಇಡುವ ಆಯ್ಕೆ ಅಲ್ಲೇ ಇದೆ. ಆ್ಯಪ್ ಹಾಕಿದ ಮೊದಲ ದಿನವೇ ಇಡಬೇಕು. ಮಗುವಿನ ಹುಟ್ಟಿದ ಇಸವಿಯನ್ನು ಇಡಬೇಡಿ, ಮಗು ಮೊದಲು ಒತ್ತಿ ನೋಡುವುದೇ ಅದು.

ಇನ್ನೊಂದು ಮೋಸ ಕಣ್ಣಿಗೆ ಬೀಳುವುದೇ ಇಲ್ಲ. ಕಿಡ್ಸ್ ಪ್ರೊಫೈಲನ್ನು ಅಮ್ಮ ತನ್ನ ಸ್ವಂತ ಅಕೌಂಟಿನಿಂದ ತೆರೆದರೆ, ಅಪ್ಪನೂ ತನ್ನದರಿಂದ ತೆರೆದರೆ, ಅವು ಎರಡು ಬೇರೆ ಪ್ರೊಫೈಲ್. ಹೆಸರು ಒಂದೇ, ಚಿತ್ರ ಒಂದೇ, ಆದರೆ ಅಮ್ಮ ಬ್ಲಾಕ್ ಮಾಡಿದ ಚಾನೆಲ್ ಅಪ್ಪನ ಮನೆಯಲ್ಲಿ ಬ್ಲಾಕ್ ಆಗಿರುವುದಿಲ್ಲ. ಎರಡೂ ಕಡೆ ಒಂದೇ ಪಟ್ಟಿ ನಡೆಯಬೇಕಾದರೆ ಎರಡೂ ಸಾಧನದಲ್ಲಿ ಮಗುವಿನ ಸ್ವಂತ ಅಕೌಂಟಿನಿಂದಲೇ ಲಾಗಿನ್ ಆಗಿರಬೇಕು.

ಈಗ ತಾತನ ವಿಷಯ. ಪಾವಗಡದ ಮನೆಯ ಸ್ಮಾರ್ಟ್ ಟಿವಿಯಲ್ಲಿ ಮಗಳ ಅಕೌಂಟ್ ತೆರೆದು ಹಾಗೇ ಬಿಟ್ಟಿದ್ದಾರೆ. ಮಗು ಮಲಗಿದ ಮೇಲೆ ತಾತ ಅದೇ ಅಕೌಂಟಿನಲ್ಲಿ ತೆಲುಗು ನ್ಯೂಸು, ಫೈಟ್ ಸೀನು ನೋಡುತ್ತಾರೆ. ಸೋಮವಾರ ತುಮಕೂರಿನಲ್ಲಿ ಮಗಳು ಫೋನ್ ತೆರೆದರೆ ಮೊದಲ ಸಾಲಿನಲ್ಲೇ ಮಚ್ಚು ಹಿಡಿದವನ ಚಿತ್ರ. ಅಮ್ಮ ಹಿಸ್ಟರಿ ತೆರೆದು ನೋಡುತ್ತಾಳೆ: ರಾತ್ರಿ 11ರವರೆಗೆ ಹೊಡೆದಾಟ. ಮಗು ನೋಡಿದ್ದಲ್ಲ, ಆದರೆ ಹಿಸ್ಟರಿ ಮಗುವಿನದು. ಇಂಥ ತಪ್ಪು ತಿಳಿವಳಿಕೆಯಲ್ಲಿ ಹುಟ್ಟಿದ ಜಗಳಕ್ಕೆ ಆ್ಯಪಿನಲ್ಲಿ ಮದ್ದಿಲ್ಲ. ಟಿವಿಯಲ್ಲಿ ತಾತನಿಗೆ ಅವರದೇ ಅಕೌಂಟ್ ಹಾಕಿ ಕೊಡುವುದೇ ಮದ್ದು. ಆಗಿಹೋದದ್ದನ್ನು ಹಿಸ್ಟರಿಯಿಂದ ಒಂದೊಂದಾಗಿ ಅಳಿಸಿದರೆ ಶಿಫಾರಸು ನಿಧಾನವಾಗಿ ತಿಳಿಯಾಗುತ್ತದೆ.

ಫ್ಯಾಮಿಲಿ ಲಿಂಕ್ ಕೊಡುವ ದಿನದ ವರದಿಯನ್ನು ಓದುವಾಗಲೂ ಇದೇ ಎಚ್ಚರ ಬೇಕು. ಅದು ಹೇಳುವುದು ಯಾವ ಆ್ಯಪ್ ಎಷ್ಟು ನಿಮಿಷ ಅನ್ನುವುದನ್ನು. "ಯೂಟ್ಯೂಬ್ 2 ಗಂಟೆ" ಅಂದರೆ ಅದು ಗಣಿತದ ಪಾಠವೋ ಗೇಮಿಂಗ್ ಕಿರುಚಾಟವೋ ಗೊತ್ತಾಗದು. ಆ ಸಾಧನದ್ದು ಮಾತ್ರ ಲೆಕ್ಕ. ಪಕ್ಕದಲ್ಲೇ ಕೂತು ತಾತನ ಟಿವಿಯಲ್ಲಿ ನೋಡಿದ್ದು ಅದರಲ್ಲಿ ಬರುವುದಿಲ್ಲ. ಈ ವರದಿಯ ಸ್ಕ್ರೀನ್‌ಶಾಟ್ ತೆಗೆದು ಕೋರ್ಟಿಗೆ ಕೊಡುವ ಉತ್ಸಾಹ ಕೆಲವರಿಗೆ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರದ ಪ್ರಶ್ನೆ ಬರುತ್ತದೆ. ಅದಿರಲಿ, ನಿಮಿಷದ ಲೆಕ್ಕದಿಂದ ಯಾವ ಅಪ್ಪನೂ ಯಾವ ಅಮ್ಮನೂ ಕೆಟ್ಟವರೆಂದು ಸಾಬೀತಾಗುವುದಿಲ್ಲ.

ಟಿವಿಗೆ ಬಂದರೆ ಆಟ ಮುಗಿಯಿತು

ಫೋನಿಗೆ ಎಷ್ಟು ಬೀಗ ಜಡಿದರೂ, ಹಾಲಿನಲ್ಲಿ ಟಿವಿ ತೆರೆದ ಬಾಗಿಲು. ಟಿವಿಯ ಯೂಟ್ಯೂಬ್ ಆ್ಯಪನ್ನು ಯಾರ ಅಕೌಂಟೂ ಇಲ್ಲದೆ ಅತಿಥಿಯಾಗಿ ತೆರೆಯಬಹುದು. ಅಲ್ಲಿ ಮಗುವಿನ ಯಾವ ಸೆಟ್ಟಿಂಗೂ ನಡೆಯದು. ಗೂಗಲ್ ಟಿವಿ ಇದ್ದರೆ ಮಕ್ಕಳ ಪ್ರೊಫೈಲ್ ಮಾಡಬಹುದು, ಆದರೆ ದೊಡ್ಡವರ ಪ್ರೊಫೈಲಿಗೆ ಪಿನ್ ಹಾಕದಿದ್ದರೆ ಮಗು ರಿಮೋಟಿನಲ್ಲಿ ಎರಡು ಸಲ ಒತ್ತಿ ಆಚೆಗೆ ಬರುತ್ತದೆ. ಡಿಶ್ ಸೆಟ್‌ಟಾಪ್ ಬಾಕ್ಸಿನಲ್ಲೂ ಚಾನೆಲ್ ಲಾಕ್ ಇದೆ. ಬಾಕ್ಸ್ ಜೊತೆ ಬಂದ ಪಿನ್ ಬದಲಾಯಿಸದೆ ಲಾಕ್ ಹಾಕುವುದು ಬಾಗಿಲಿಗೆ ಚಿಲಕ ಹಾಕಿ ಕೀಯನ್ನು ಅಲ್ಲೇ ನೇತುಹಾಕಿದಂತೆ.

ಮನೆಯ ವೈಫೈ ರೂಟರಿನಲ್ಲಿ ಡಿಎನ್‌ಎಸ್ ಅನ್ನುವ ಜಾಗದಲ್ಲಿ 1.1.1.3 ಮತ್ತು 1.0.0.3 ಬರೆದರೆ ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಕಂಪನಿಯ ಕುಟುಂಬದ ಸೋಸಣಿಗೆ ನಡೆಯುತ್ತದೆ: ವೈರಸ್ ಸೈಟು, ಅಶ್ಲೀಲ ಸೈಟು ಎರಡೂ ತೆರೆಯುವುದಿಲ್ಲ. ದುಡ್ಡಿಲ್ಲ, ಟಿವಿಗೂ ಸೇರಿ ಮನೆಗೆಲ್ಲ ಆಗುತ್ತದೆ, ಇಬ್ಬರಿಗೂ ತಕರಾರು ಇರಲಾರದು. ಯೂಟ್ಯೂಬ್ ಒಳಗಿನ ಹೊಡೆದಾಟವನ್ನು ಇದು ಸೋಸದು. ಮೊಬೈಲ್ ಡೇಟಾ ಆನ್ ಮಾಡಿದರೆ ಆ ಫೋನಿಗೆ ಇದೂ ಇಲ್ಲ.

ಓಟಿಟಿಗಳಲ್ಲಿ ಪ್ರತಿ ಮನೆಗೂ ಬೇರೆ ಏರ್ಪಾಡು ಮಾಡಿಕೊಳ್ಳುವುದೇ ಸರಿ. ನೆಟ್‌ಫ್ಲಿಕ್ಸ್ 2023ರಿಂದ ಭಾರತದಲ್ಲೂ ಒಂದು ಅಕೌಂಟ್ ಒಂದು ಮನೆಗೆ ಅನ್ನುವ ನಿಯಮ ಬಿಗಿ ಮಾಡಿದೆ, ತುಮಕೂರಿನ ಅಕೌಂಟ್ ಪಾವಗಡದ ಟಿವಿಯಲ್ಲಿ ಓಡುತ್ತಲೇ ಇರಲಿ ಅಂದರೆ ಆಗದು. ಅಲ್ಲಿ ಪ್ರೊಫೈಲಿಗೆ ವಯಸ್ಸಿನ ಮಿತಿ ಇಡಬಹುದು, ಬೇಡದ ಸಿನಿಮಾ ಒಂದೊಂದಾಗಿ ಹೆಸರು ಬರೆದು ತಡೆಯಬಹುದು, ದೊಡ್ಡವರ ಪ್ರೊಫೈಲಿಗೆ 4 ಅಂಕಿಯ ಪಿನ್ ಹಾಕಬಹುದು. ಪಿನ್ ಇಲ್ಲದ ದೊಡ್ಡವರ ಪ್ರೊಫೈಲ್ ಒಂದು ಉಳಿದರೂ ಮಕ್ಕಳ ಪ್ರೊಫೈಲ್ ಮಾಡಿದ್ದು ದಂಡ. ಬೇರೆ ಓಟಿಟಿಗಳಲ್ಲೂ ಹೆಚ್ಚುಕಮ್ಮಿ ಇದೇ ಕಥೆ.

ಭಾಷೆಯ ವಿಷಯ ಒಂದು ಮಾತು. ಪಾವಗಡ, ಗೌರಿಬಿದನೂರು, ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಯೊಳಗೆ ತೆಲುಗು ಮಾಮೂಲಿ. ಒಂದು ಮನೆಯಲ್ಲಿ ತೆಲುಗು, ಇನ್ನೊಂದರಲ್ಲಿ ಬರೀ ಕನ್ನಡ ಆದಾಗ, ಭಾಷೆ ಗೊತ್ತಿಲ್ಲದವರಿಗೆ ಎಲ್ಲ ತೆಲುಗು ವಿಡಿಯೊವೂ ಫೈಟ್ ಸಿನಿಮಾದ ಹಾಗೇ ಕಾಣುತ್ತದೆ. ತಡೆಯುವ ಮುನ್ನ ಹತ್ತು ನಿಮಿಷ ಪೂರ್ತಿ ನೋಡಬೇಕು. ಮಗು ಅಜ್ಜಿಯ ಭಾಷೆಯ ಕಾರ್ಟೂನ್ ನೋಡುವುದನ್ನು ತಡೆದು ಗೆಲ್ಲುವಂಥದ್ದೇನೂ ಇಲ್ಲ.

ಕಾಗದದಲ್ಲಿ ಏನು ಬರೆಸಬೇಕು

ಆ್ಯಪಿಗೆ ಆಗದ್ದು ಒಪ್ಪಂದದ ಕಾಗದಕ್ಕೆ ಆಗುತ್ತದೆ, ಸರಿಯಾಗಿ ಬರೆದರೆ. "ಮಗುವಿಗೆ ಕೆಟ್ಟ ಸಿನಿಮಾ ತೋರಿಸಬಾರದು" ಅಂತ ಬರೆಸಿದರೆ ಏನೂ ಬರೆಸದ ಹಾಗೆ. ಕೆಟ್ಟದ್ದು ಯಾವುದು ಅನ್ನುವುದೇ ಜಗಳ. ಅದರ ಬದಲು ಇಬ್ಬರಿಗೂ ಹೊರಗಿನದಾದ ಅಳತೆಗೋಲು ಹಿಡಿಯಬೇಕು, ಅದು ಈಗ ಇದೆ. 2021ರ ಐಟಿ ನಿಯಮಗಳ ಪ್ರಕಾರ ಓಟಿಟಿಯವರು ತಾವೇ ಯು, ಯುಎ 7+, ಯುಎ 13+, ಯುಎ 16+, ಎ ಅಂತ ಐದು ದರ್ಜೆ ಹಾಕಬೇಕು, ಯುಎ 13+ ಮತ್ತು ಮೇಲಿನದಕ್ಕೆ ಪೋಷಕರ ಲಾಕ್ ಕೊಡಲೇಬೇಕು. ಥಿಯೇಟರ್ ಸಿನಿಮಾಗೂ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಹಳೇ ಯುಎ ದರ್ಜೆಯನ್ನು ಇದೇ ಮೂರು ವಯಸ್ಸಿಗೆ ಒಡೆದಿದೆ. ಎ ಸಿನಿಮಾಗೆ 18ರ ಒಳಗಿನವರನ್ನು ಬಿಡುವಂತಿಲ್ಲ. ಯುಎ 13+, 16+ ಅನ್ನುವುದು ಪೋಷಕರಿಗೆ ಕೊಟ್ಟ ಸಲಹೆ, ಗೇಟಿನಲ್ಲಿ ತಡೆಯುವ ಕಾನೂನಲ್ಲ. ಆ ಸಲಹೆಯನ್ನು ಇಬ್ಬರೂ ಸಹಿ ಹಾಕಿ ನಿಯಮ ಮಾಡಿಕೊಳ್ಳಬಹುದು, ಹೀಗೆ:

"ಮಗುವಿಗೆ 10 ವರ್ಷ ತುಂಬುವವರೆಗೆ ಎರಡೂ ಮನೆಯಲ್ಲಿ ಯುಎ 7+ಗಿಂತ ಮೇಲಿನ ದರ್ಜೆಯ ಸಿನಿಮಾ, ಸರಣಿ ತೋರಿಸುವುದಿಲ್ಲ. ವಯಸ್ಸು ನಮೂದಿಸದ ಹಳೇ ಯುಎ ಚಿತ್ರವನ್ನು ಯುಎ 13+ ಎಂದೇ ಎಣಿಸುವುದು. ವಿನಾಯಿತಿ ಬೇಕಾದವರು ಚಿತ್ರದ ಹೆಸರು ಬರೆದು ಮೆಸೇಜ್ ಮಾಡುವುದು. 48 ಗಂಟೆಯೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲವೆಂದು ತಿಳಿಯುವುದು. ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಈ ಮಿತಿಯನ್ನು ಇಬ್ಬರೂ ಕೂತು ಪರಿಶೀಲಿಸುವುದು."

ವಯಸ್ಸು ನಮೂದಿಸದ ಚಿತ್ರದ ಸಾಲು ಮುಖ್ಯ. ತಾತ ನೋಡುವ ಸಿನಿಮಾಗಳಲ್ಲಿ ಬಹುಪಾಲು ಹಳೆಯವು, ಅವಕ್ಕೆ ಬರೀ ಯುಎ. ನ್ಯೂಸ್ ಚಾನೆಲ್ಲಿಗೂ ಧಾರಾವಾಹಿಗೂ ಈ ದರ್ಜೆಯೇ ಇಲ್ಲ. ಕೊಲೆಯನ್ನು ನಟಿಸಿ ತೋರಿಸುವ ಕ್ರೈಂ ಕಾರ್ಯಕ್ರಮ ಮಗು ಎಚ್ಚರ ಇರುವಾಗ ಬೇಡ ಅಂತ ಬೇರೆ ಸಾಲು ಬರೆಸಬಹುದು. ಅಜ್ಜಿಯ ಧಾರಾವಾಹಿಗೆ ಕೈ ಹಾಕದಿರುವುದೇ ಕ್ಷೇಮ. ಅಲ್ಲಿ ಗೆದ್ದ ಅಳಿಯನೂ ಇಲ್ಲ, ಸೊಸೆಯೂ ಇಲ್ಲ.

ಆ್ಯಪಿನ ಹೆಸರನ್ನು ಕೋರ್ಟಿನ ಕಾಗದದಲ್ಲಿ ಬರೆಸಬೇಡಿ. 2015ರಲ್ಲಿ ಹಾಟ್‌ಸ್ಟಾರ್ ಅಂತ ಶುರುವಾದದ್ದು 2020ರಲ್ಲಿ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಆಯಿತು, 2025ರ ಫೆಬ್ರುವರಿಯಲ್ಲಿ ಜಿಯೋಹಾಟ್‌ಸ್ಟಾರ್. ಹೆಸರು ಬರೆಸಿದ ಒಪ್ಪಂದ ಹಳೇ ಕ್ಯಾಲೆಂಡರಿನ ಹಾಗಾಗುತ್ತದೆ. ಕಾಗದದಲ್ಲಿ ದರ್ಜೆ, ಹೊತ್ತು, ತೀರ್ಮಾನದ ಕ್ರಮ ಇರಲಿ. ಯಾವ ಆ್ಯಪಿನಲ್ಲಿ ಯಾವ ಸೆಟ್ಟಿಂಗ್ ಅನ್ನುವುದು ಬೇರೆ ಹಾಳೆಯಲ್ಲಿರಲಿ, ಅದನ್ನು ತಿದ್ದಲು ಜಡ್ಜ್ ಮುಂದೆ ನಿಲ್ಲಬೇಕಿಲ್ಲ.

ಡಿಕ್ರಿ ಆಗಿ ಹೋಗಿದೆ, ಈಗೇನು ಅನ್ನುವವರಿಗೆ: ಹಿಂದೂ ವಿವಾಹ ಕಾಯ್ದೆ 1955ರ 26ನೇ ಕಲಮಿನಲ್ಲಿ ಮಕ್ಕಳ ವಶ, ಪೋಷಣೆ, ಶಿಕ್ಷಣದ ಆದೇಶವನ್ನು ಆಮೇಲೂ ಬದಲಾಯಿಸಲು ಅವಕಾಶ ಇದೆ. ಆದರೆ ಒಂದು ಯೂಟ್ಯೂಬ್ ಚಾನೆಲ್ಲಿಗಾಗಿ ಅರ್ಜಿ ಹಾಕುವುದು ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ. ಅದಕ್ಕಿಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂಧಾನಕ್ಕೆ ಕೂರುವುದು ವಾಸಿ. ಹೆಂಗಸರಿಗೆ, ಮಕ್ಕಳಿಗೆ 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಕೂರುವಾಗ ಮೇಲಿನ ಐದು ಸಾಲಿನ ಕರಡು ಕೈಯಲ್ಲಿದ್ದರೆ ಮಾತು ಹಳೇ ಜಗಳದ ಕಡೆ ಜಾರುವುದು ಕಡಿಮೆ.

ಹಾಕಿಕೊಳ್ಳುವ ಮುನ್ನ

ಒಂದು ವಿಷಯದಲ್ಲಿ ಈ ಆ್ಯಪ್ ಅಪಾಯಕಾರಿಯೂ ಹೌದು. ಲೊಕೇಶನ್ ಆನ್ ಇದ್ದರೆ ಮಗುವಿನ ಫೋನು ಎಲ್ಲಿದೆ ಅನ್ನುವುದು ಇಬ್ಬರು ಪೋಷಕರಿಗೂ ನಕ್ಷೆಯಲ್ಲಿ ಕಾಣುತ್ತದೆ. ಮಗು ಇರುವ ಕಡೆ ಅಮ್ಮ ಇರುತ್ತಾಳೆ. ಹೊಡೆತ-ಬಡಿತಕ್ಕೆ ಹೆದರಿ ಮನೆ ಬಿಟ್ಟು ಬಂದವರು, ವಿಳಾಸ ಹೇಳದೆ ಬಾಡಿಗೆ ಮನೆಯಲ್ಲಿ ಇರುವವರು ಒಂದೇ ಗ್ರೂಪ್ ಹಂಚಿಕೊಳ್ಳಲೇಬಾರದು. ಲೊಕೇಶನ್ ಆಫ್ ಮಾಡಿದರೂ ಇನ್ನೊಬ್ಬ ಪೋಷಕರು ಅಲ್ಲಿಂದಲೇ ಆನ್ ಮಾಡಬಹುದು. ಅಂಥವರಿಗೆ ಮೇಲೆ ಹೇಳಿದ ಎರಡು ಅಕೌಂಟಿನ ದಾರಿಯೊಂದೇ, ಅಪ್ಪನ ಮನೆಯ ಟ್ಯಾಬು ಅಮ್ಮನ ಮನೆ ಬಾಗಿಲು ದಾಟಿ ಒಳಗೆ ಬರಬಾರದು.

ಐಫೋನ್ ಇರುವ ಮಗುವಿಗೆ ಫ್ಯಾಮಿಲಿ ಲಿಂಕ್‌ನಿಂದ ಹೊತ್ತಿನ ಮಿತಿ ಹಾಕಲು ಬರುವುದಿಲ್ಲ, ಆಪಲ್‌ನದೇ ಸ್ಕ್ರೀನ್ ಟೈಮ್ ನೋಡಿಕೊಳ್ಳಬೇಕು. ನೆಟ್‌ವರ್ಕ್ ಸಿಗದ ಕಡೆ ಮಗುವಿನ ಫೋನ್ ಲಾಕ್ ಆಗಿಬಿಟ್ಟರೆ ಪೋಷಕರ ಆ್ಯಪಿನಲ್ಲಿ ಕಾಣುವ ಪ್ರವೇಶ ಕೋಡ್ ಹೊಡೆದು ತೆಗೆಯಬಹುದು. ಅದು ಆಗಾಗ ಬದಲಾಗುವುದರಿಂದ ಬರೆದಿಟ್ಟುಕೊಳ್ಳುವುದು ದಂಡ. ಬಸ್ಸಿನಲ್ಲಿ ಮಗುವನ್ನು ಕರೆದುಕೊಂಡು ಹೋಗುವವರು ತಾತ ಆದರೆ, ಈ ಕೋಡ್ ಎಲ್ಲಿ ನೋಡಬೇಕು ಅನ್ನುವುದು ಮನೆಯಲ್ಲಿ ಫೋನೆತ್ತುವ ಅಪ್ಪನಿಗೆ ಗೊತ್ತಿರಲಿ.

ವಾಟ್ಸ್‌ಆ್ಯಪ್‌ಗೆ ಬರುವ ಫಾರ್ವರ್ಡ್ ವಿಡಿಯೊಗಳು ಈ ಯಾವ ಜರಡಿಗೂ ಸಿಗುವುದಿಲ್ಲ. ಚಿಕ್ಕಪ್ಪಂದಿರ ಗ್ರೂಪು ಮಗುವಿನ ಫೋನಿನಲ್ಲಿ ಇರಬಾರದು, ಅಷ್ಟೇ.

ಮಗುವಿಗೆ ಸ್ವಂತ ಸಾಧನವೇ ಇಲ್ಲ, ಎರಡು ಮನೆಯಲ್ಲೂ ದೊಡ್ಡವರ ಫೋನನ್ನೇ ಅರ್ಧ ಗಂಟೆ ಕೊಡುವುದು ಅಂತಾದರೆ ಫ್ಯಾಮಿಲಿ ಲಿಂಕ್ ಬೇಡವೇ ಬೇಡ. ಅದು ಮಗುವಿನ ಅಕೌಂಟ್ ಇರುವ ಸಾಧನಕ್ಕಾಗಿ ಮಾಡಿದ್ದು. ಅಂಥ ಮನೆಗೆ ಪಾಸ್‌ಕೋಡ್ ಹಾಕಿದ ಯೂಟ್ಯೂಬ್ ಕಿಡ್ಸ್ ಮತ್ತು ಆಂಡ್ರಾಯ್ಡ್‌ನ ಆ್ಯಪ್ ಪಿನ್ನಿಂಗ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಕೆಳಗೆ ಅದನ್ನು ಆನ್ ಮಾಡಿ, ಕಿಡ್ಸ್ ಆ್ಯಪ್ ತೆರೆದು ಪಿನ್ ಮಾಡಿ ಕೊಟ್ಟರೆ ಮಗು ಬೇರೆ ಆ್ಯಪಿಗೆ ಹೋಗಲಾರದು. ಪಿನ್ ತೆಗೆಯುವ ಮುನ್ನ ಫೋನಿನ ಲಾಕ್ ಕೇಳಲಿ ಅನ್ನುವ ಸಣ್ಣ ಸ್ವಿಚ್ ಅಲ್ಲೇ ಇದೆ, ಅದನ್ನೂ ಒತ್ತಿರಬೇಕು. ಒತ್ತದಿದ್ದರೆ ಹೊರಗೆ ಬರುವ ದಾರಿಯನ್ನು ಮಗು ಅರ್ಧ ದಿನದಲ್ಲಿ ಕಂಡುಹಿಡಿಯುತ್ತದೆ, ಮತ್ತು ಅದನ್ನು ಎರಡೂ ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ.